ಆಡಿಷನ್‌ಗೆ ಹೊರಟ ಪುಟ್ಟಿಗೆ

ಸಾಗರ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜು ನೋಡಿದೆ. ಬೆಂಗಳೂರಲ್ಲಿ ಮ್ಯೂಸಿಕಲ್ ನಾಟಕಕ್ಕೆ ಆಡಿಷನ್ ಇದೆ, ಹಾಡು ಹೇಗೋ ಆಗುತ್ತೆ, ಡಾನ್ಸ್ ರೌಂಡ್ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತೆ, ಜಾಜ್ ಕುಣಿತ ಕಲಿತಿಲ್ಲ, ಶೂ ತಳದ ಲೋಹದಿಂದ ತಾಳ ಬಡಿಯುವ ಟ್ಯಾಪ್ ಕುಣಿತ ಗೊತ್ತೇ ಇಲ್ಲ, ಹೋಗಲಾ ಬೇಡವಾ ಅಂತ ಕೇಳಿದ್ದೀಯ. ಫೋನಲ್ಲಿ ಹೇಳಿದರೆ ಅರ್ಧ ಕೇಳಿ ಅರ್ಧ ಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಹೋಗು.

ನಾಟಕದ ತಂಡಗಳಲ್ಲಿ ಇದ್ದಾಗ ಆಯ್ಕೆ ಮಾಡುವವರ ಮೇಜಿನ ಹಿಂದೆ ಕೂತು ಬೇಕಾದಷ್ಟು ಮಕ್ಕಳನ್ನು ನೋಡಿದ್ದೇನೆ. ಅಲ್ಲಿ ಕೂತವರು ನೋಡುವುದು ಮುಖ್ಯವಾಗಿ ಒಂದೇ: ಗೊತ್ತಿಲ್ಲದ ಕುಣಿತವನ್ನು ಕೈಗೆ ಕೊಟ್ಟಾಗ ಈ ಹುಡುಗಿ ಏನು ಮಾಡುತ್ತಾಳೆ? ಯಾಕೆಂದರೆ ಮುಂದೆ ತಿಂಗಳುಗಟ್ಟಲೆ ರಿಹರ್ಸಲ್‌ನಲ್ಲಿ ಅವರು ಕಾಣಬೇಕಾದದ್ದು ಅದನ್ನೇ. ಬೆಳಿಗ್ಗೆ ಕಲಿಸಿದ ಹೆಜ್ಜೆಯನ್ನು ಮಧ್ಯಾಹ್ನ ಬದಲಾಯಿಸುತ್ತಾರೆ, ಸಂಜೆ ಪೂರ್ತಿ ಕಿತ್ತು ಹಾಕುತ್ತಾರೆ. ಆಗ ಮುಖ ಸಿಂಡರಿಸದೆ ಇನ್ನೊಂದು ಕಲಿಯುವವಳು ಅವರಿಗೆ ಬೇಕು.

ಹಾಗಂತ ಕಲಿಕೆಯೇ ಬೇಡ ಅಂತಲ್ಲ. ಆಡಿಷನ್‌ಗೆ ಅವರು ಹಾಕಿದ ಪ್ರಕಟಣೆಯನ್ನು, ಅಂದರೆ ಕರೆಯನ್ನು, ಸರಿಯಾಗಿ ಓದು. ಟ್ಯಾಪ್ ಬರಲೇಬೇಕು ಅಂತ ಬರೆದಿದ್ದರೆ ಬರದವರು ಹೋಗಿ ಉಪಯೋಗ ಇಲ್ಲ. ಕೆಲವು ಕಡೆ ಡಾನ್ಸರ್‌ಗಳಿಗೆ ಒಂದು ಕರೆ, ಮೂವರ್‌ಗಳಿಗೆ ಇನ್ನೊಂದು ಕರೆ ಇರುತ್ತೆ. ಮೂವರ್ ಅಂದರೆ ಮುಖ್ಯವಾಗಿ ಹಾಡುವ, ನಟಿಸುವ, ಜೊತೆಗೆ ಲಯ ತಪ್ಪದೆ ಹೆಜ್ಜೆ ಹಾಕಬಲ್ಲವರು. ನೀನು ಕಳಿಸಿದ ಕರೆಯಲ್ಲಿ ಇರುವುದು ಅದೇ. ನೀನು ಸುಮ್ನೆ ಹೆದರಿದ್ದೀಯ.

ಅಲ್ಲಿ ನಡೆಯುವುದು ಹೀಗೆ. ಎದೆಗೆ ಒಂದು ನಂಬರ್ ಅಂಟಿಸುತ್ತಾರೆ. ಒಂದಷ್ಟು ಜನರನ್ನು ಒಟ್ಟಿಗೆ ಹಾಲ್‌ಗೆ ಬಿಡುತ್ತಾರೆ. ನೃತ್ಯ ನಿರ್ದೇಶಕರೋ ಅವರ ಸಹಾಯಕರೋ ಒಂದು ತುಣುಕು ಕಲಿಸುತ್ತಾರೆ. ಕಾಂಬಿನೇಷನ್ ಅನ್ನುತ್ತಾರೆ ಅದಕ್ಕೆ. ಎಂಟೆಂಟು ಎಣಿಕೆಯ ಕೆಲವು ಸಾಲು, ಸಾಮಾನ್ಯವಾಗಿ ಒಂದು ನಿಮಿಷದ ಒಳಗೇ. 'ಫೈವ್, ಸಿಕ್ಸ್, ಸೆವೆನ್, ಎಯ್ಟ್' ಅಂತ ಎತ್ತಿಕೊಡುತ್ತಾರೆ, ಮುಂದಿನ ಒಂದಕ್ಕೆ ಶುರು. ಆಮೇಲೆ ಮೂರೋ ನಾಲ್ಕೋ ಜನರ ಗುಂಪು ಮಾಡಿ ಮೇಜಿನ ಮುಂದೆ ಕುಣಿಸುತ್ತಾರೆ. ಅಷ್ಟೇ.

ಕಲಿಯುವಾಗ ಮೊದಲು ಕಾಲು ಹಿಡಿದುಕೋ. ಆಮೇಲೆ ಯಾವ ದಿಕ್ಕಿಗೆ ತಿರುಗಬೇಕು ಅನ್ನುವುದು. ಕೈ ಕೊನೆಗೆ. ನಿನಗೆ ಇದು ಕಷ್ಟ ಆಗುತ್ತೆ, ಯಾಕೆಂದರೆ ಭರತನಾಟ್ಯದ ಕ್ಲಾಸಿನಲ್ಲಿ ನಿನ್ನ ಕಣ್ಣು ಮೊದಲು ಟೀಚರ್ ಹಸ್ತದ ಮೇಲೆ ಹೋಗುತ್ತಿತ್ತು. ಕೈ ತಪ್ಪಿದರೆ ಯಾರಿಗೂ ತೊಂದರೆ ಇಲ್ಲ. ಕಾಲು ತಪ್ಪಿದರೆ ಮೈಯ ಭಾರ ತಪ್ಪಾದ ಕಾಲಿನ ಮೇಲೆ ಬೀಳುತ್ತೆ, ಮುಂದಿನ ಹೆಜ್ಜೆ ಎತ್ತಲಿಕ್ಕೇ ಆಗುವುದಿಲ್ಲ, ಅಷ್ಟರಲ್ಲಿ ಪಕ್ಕದವಳ ಕಾಲು ತುಳಿದಿರುತ್ತೀಯ. ಪ್ರತಿ ಎಂಟರ ಕೊನೆಯಲ್ಲಿ 'ನನ್ನ ಭಾರ ಈಗ ಯಾವ ಕಾಲಿನ ಮೇಲಿದೆ?' ಅಂತ ಒಂದು ಸಲ ಕೇಳಿಕೋ. ಅದು ಗೊತ್ತಿದ್ದರೆ ಮಧ್ಯ ಮರೆತರೂ ಮತ್ತೆ ಸೇರಿಕೊಳ್ಳಬಹುದು.

ಹಾಲ್‌ನ ಹಿಂದಿನ ಮೂಲೆಯಲ್ಲಿ ನಿಲ್ಲಬೇಡ. ಮುಂದಿನವರನ್ನು ನೋಡಿಕೊಂಡು ಮಾಡೋಣ ಅನಿಸುತ್ತೆ, ಆದರೆ ಮುಂದಿನವಳೂ ತಪ್ಪು ಮಾಡುತ್ತಿರಬಹುದಲ್ವಾ? ಮಧ್ಯದಲ್ಲಿ, ಕಲಿಸುವವರ ಕಾಲು ಕಾಣುವ ಜಾಗ ನೋಡಿ ನಿಲ್ಲು. ಸ್ವಲ್ಪ ಹೊತ್ತಿಗೆ ಮುಂದಿನ ಸಾಲಿನವರನ್ನು ಹಿಂದಕ್ಕೆ, ಹಿಂದಿನವರನ್ನು ಮುಂದಕ್ಕೆ ಕಳಿಸುವುದು ಹೆಚ್ಚಿನ ಕಡೆ ರೂಢಿ. ಹೇಳಿದ ತಕ್ಷಣ ಜಾಗ ಬಿಟ್ಟುಕೊಡು. ಜಾಗಕ್ಕೆ ಅಂಟಿಕೊಂಡು ನಿಂತವರನ್ನು ಮೇಜಿನಿಂದ ನೋಡುತ್ತಿರುತ್ತಾರೆ, ಬರೆದುಕೊಂಡೂ ಇರುತ್ತಾರೆ. ಸಂಶಯ ಇದ್ದರೆ ಕೇಳು, ಆದರೆ ಚಿಕ್ಕದಾಗಿ ಕೇಳು: 'ಎರಡನೇ ಎಂಟರಲ್ಲಿ ಐದಕ್ಕೆ ಎಡಗಾಲಾ ಬಲಗಾಲಾ?' 'ಇನ್ನೊಂದು ಸಲ ಎಲ್ಲ ತೋರಿಸ್ತೀರಾ' ಅಂದರೆ ನೀನು ಇಷ್ಟು ಹೊತ್ತು ನೋಡಲೇ ಇಲ್ಲ ಅಂತ ಆಗುತ್ತೆ.

ಇನ್ನೊಂದು ಆಟ ಆಡುತ್ತಾರೆ. ಎಲ್ಲರೂ ಕಲಿತಾಯಿತು ಅನ್ನುವಾಗ ಒಂದು ಹೆಜ್ಜೆ ಬದಲಾಯಿಸುತ್ತಾರೆ. ಬೇಕಂತಲೇ. ಗುಂಪಿನಲ್ಲಿ ಅರ್ಧ ಜನ ಹಳೆಯದನ್ನೇ ಕುಣಿಯುತ್ತಾರೆ. ಹೊಸದನ್ನು ಸ್ವಲ್ಪ ಒರಟಾಗಿ ಮಾಡಿದರೂ ಸರಿ, ಹಳೆಯದನ್ನು ಚೆಂದ ಮಾಡಿದವಳಿಗಿಂತ ನೀನು ಮುಂದೆ. ತಿದ್ದಿದರೆ ಕಾರಣ ಹೇಳಲು ಹೋಗಬೇಡ. 'ಆಯ್ತು' ಅಂದು ಮಾಡಿ ತೋರಿಸು.

ಈಗ ನಿನ್ನ ಮೈಯ ವಿಷಯ. ಇದನ್ನು ಅಲ್ಲಿ ಯಾರೂ ಕೂತು ಹೇಳಿಕೊಡುವುದಿಲ್ಲ, ಹಾಗಾಗಿ ಉದ್ದ ಆದರೂ ಓದು. ನೀನು ಭರತನಾಟ್ಯದ ಅರೆಮಂಡಿಯಲ್ಲಿ, ಮಂಡಿ ಹೊರಕ್ಕೆ ಮಡಚಿ ನಿಂತೇ ಬೆಳೆದವಳು, ಮೇಲಿಂದ ಯಕ್ಷಗಾನದ ಹೆಜ್ಜೆ ಬೇರೆ. ನಿನ್ನ ಪಾದ ಹೊರಕ್ಕೆ ತಿರುಗಿ ನಿಲ್ಲುತ್ತೆ, ನೆಲಕ್ಕೆ ಬಡಿದು ಸದ್ದು ಮಾಡುತ್ತೆ. ಜಾಜ್‌ನಲ್ಲಿ ಜಾಸ್ತಿ ಸಲ ಎರಡು ಪಾದವೂ ನೇರ ಮುಂದಕ್ಕಿರಬೇಕು. ಹಾರಿ ಇಳಿಯುವಾಗ ಮುಂಗಾಲು ಮೊದಲು, ಆಮೇಲೆ ಹಿಮ್ಮಡಿ, ಮಂಡಿ ಮಡಚಿ, ಸದ್ದಿಲ್ಲದೆ. ದಿನಾ ಹತ್ತು ನಿಮಿಷ ಬರೀ ಇಳಿಯುವುದನ್ನೇ ಅಭ್ಯಾಸ ಮಾಡು. ಸಿಮೆಂಟ್ ಅಂಗಳದಲ್ಲಿ ಬೇಡ, ಮೊಣಕಾಲಿನ ಕೆಳಗಿನ ಮೂಳೆ ನೋವು ಶುರುವಾದರೆ ಬೇಗ ಬಿಡುವುದಿಲ್ಲ. ನಿಮ್ಮ ಮನೆಯ ಅಟ್ಟದ ಹಲಗೆ ಇದೆಯಲ್ಲ, ಅಡಿಕೆ ಮೂಟೆ ಒಂದು ಕಡೆ ಸರಿಸಿದರೆ ಬೇಕಾದಷ್ಟು ಜಾಗ. ಹಲಗೆ ಗಟ್ಟಿ ಇದೆಯಾ ಅಂತ ಮೊದಲು ಅಪ್ಪನನ್ನು ಕೇಳು.

ತಾಳದಲ್ಲಿ ನೀನು ಗೆಲ್ಲುತ್ತೀಯ. ಆದಿತಾಳಕ್ಕೂ ಎಂಟಕ್ಷರ, ಅವರದ್ದೂ ಎಂಟು. ಒತ್ತು ಬೀಳುವ ಜಾಗ ಮಾತ್ರ ಬೇರೆ. ಅಲ್ಲಿ ಚಿಟಿಕೆ ಬೀಳುವುದು ಎರಡಕ್ಕೆ, ನಾಲ್ಕಕ್ಕೆ, ಆರಕ್ಕೆ, ಎಂಟಕ್ಕೆ. ಯಾವುದಾದರೂ ಹಾಡು ಹಾಕಿಕೊಂಡು ಅಡುಗೆಮನೆಯಲ್ಲೇ ಚಿಟಿಕೆ ಹಾಕಿ ರೂಢಿ ಮಾಡಿಕೋ. ಸ್ವಿಂಗ್ ನಡೆ, ಅಂದರೆ ಉದ್ದ-ಗಿಡ್ಡವಾಗಿ ತೂಗುವ ತಾಳ, ಬಂದರೆ ಗಾಬರಿ ಬೇಡ, ಅದು ನಮ್ಮ ತಿಶ್ರಕ್ಕೆ, ಮೂರರ ನಡೆಗೆ, ಹತ್ತಿರ. 'ತಕಿಟ' ಅಂದುಕೊಂಡು ನಡುವಿನ 'ಕಿ' ನುಂಗಿಬಿಡು, ಬಂದೇಬಿಡುತ್ತೆ. ಇಂಗ್ಲಿಷ್ ಎಣಿಕೆ ತಲೆಗೆ ಹತ್ತದಿದ್ದರೆ ಮನಸ್ಸಿನಲ್ಲಿ 'ತಕಿಟ' ಥರದ ಸೊಲ್ಲುಕಟ್ಟು ಹೇಳಿಕೋ, ಯಾರು ಕೇಳುತ್ತಾರೆ?

ಗಿರಕಿ ತಿರುಗುವಾಗ ಕಣ್ಣು ಎದುರಿನ ಒಂದೇ ಕಡೆ ನೆಟ್ಟಿರಲಿ. ಮೈ ಮೊದಲು ತಿರುಗಲಿ, ತಲೆ ಆದಷ್ಟು ತಡವಾಗಿ ಸರಕ್ಕನೆ ತಿರುಗಿ ಮೈಗಿಂತ ಮೊದಲೇ ಅದೇ ಜಾಗಕ್ಕೆ ಬರಬೇಕು. ಬರಿಗಾಲಲ್ಲಿ ತಿರುಗಿದ ಹಾಗೆ ಶೂ ಹಾಕಿಕೊಂಡು ತಿರುಗಲಿಕ್ಕೆ ಬರುವುದಿಲ್ಲ. ರಬ್ಬರ್ ತಳ ನೆಲ ಕಚ್ಚಿಕೊಳ್ಳುತ್ತೆ, ಮಂಡಿ ತಿರುಚುತ್ತೆ. ತೆಳು ತಳದ ಜಾಜ್ ಶೂ ಒಂದು ಜೊತೆ ತಗೋ. ಈಗಿನಿಂದಲೇ ಅದರಲ್ಲೇ ಕುಣಿ. ಹೊಸ ಶೂ ಆ ದಿನ ಮೊದಲ ಸಲ ಹಾಕುವವರನ್ನು ಕಂಡರೆ ನನಗೆ ಪಾಪ ಅನಿಸುತ್ತೆ, ಬೊಬ್ಬೆ ಎದ್ದ ಕಾಲಲ್ಲಿ ನಗಬೇಕಲ್ಲ.

ಅಭಿನಯ ನಿನ್ನ ಕೈಯಲ್ಲಿರುವ ದೊಡ್ಡ ಆಸ್ತಿ. ಮ್ಯೂಸಿಕಲ್‌ನಲ್ಲಿ ಕುಣಿತವೂ ಕಥೆಯೇ ಹೇಳುತ್ತೆ. ಕಲಿಸಿದ ಮೇಲೆ 'ಇದು ಸಂತೆಯ ಬೆಳಗು, ನೀವೆಲ್ಲ ವ್ಯಾಪಾರಕ್ಕೆ ಬಂದವರು' ಅಂತ ಏನಾದರೂ ಹೇಳುತ್ತಾರೆ. ಹೆಚ್ಚಿನವರು ಎಣಿಸುವುದರಲ್ಲೇ ಮುಳುಗಿ ಅದನ್ನು ಕೇಳಿಸಿಕೊಂಡಿರುವುದಿಲ್ಲ. ನೀನು ಒಂದು ಗಿರಾಕಿಯನ್ನು ಕಣ್ಣಲ್ಲೇ ಹುಡುಕಿದರೂ ಮೇಜಿನವರು ತಲೆ ಎತ್ತುತ್ತಾರೆ. ಹುಬ್ಬು ಹಾರಿಸುವುದನ್ನು ಮಾತ್ರ ಕಡಿಮೆ ಮಾಡು ಮಾರಾಯ್ತಿ. ಬಯಲಾಟದಲ್ಲಿ ಕೊನೆಯಲ್ಲಿ ಕೂತವರಿಗೂ ಕಾಣಲಿ ಅಂತ ಮಾಡುವ ಮುಖ, ಎದುರಿಗೇ ಕೂತವರಿಗೆ ಬೇಡ.

ಮರೆತುಹೋದರೆ ಎಂತ ಮಾಡುವುದು? ನಿಲ್ಲಬೇಡ. ನಾಲಿಗೆ ಕಚ್ಚಬೇಡ. 'ಸಾರಿ' ಅನ್ನಬೇಡ. ಪಾತ್ರದಲ್ಲೇ ಇದ್ದು ತಾಳಕ್ಕೆ ನಡೆ, ಮುಂದಿನ ಎಂಟರ ಒಂದಕ್ಕೆ ಸೇರಿಕೋ. ತಪ್ಪು ಮಾಡಿದ್ದಕ್ಕಿಂತ ತಪ್ಪಿಗೆ ಮುಖ ಮಾಡಿದ್ದೇ ಎದ್ದು ಕಾಣುತ್ತೆ. ಬೇರೆ ಗುಂಪು ಕುಣಿಯುವಾಗ ಪಕ್ಕದಲ್ಲಿ ನಿಂತು ಬೆರಳಲ್ಲೇ ನೆನಪು ಮಾಡಿಕೋ. ಗೋಡೆಗೆ ಒರಗಿ ಫೋನ್ ನೋಡುವುದು, ಪಿಸುಗುಟ್ಟಿ ನಗುವುದು ಬೇಡ.

ಹಾಡಿನ ಬಗ್ಗೆ ನಿನಗೆ ಜಾಸ್ತಿ ಹೇಳಬೇಕಿಲ್ಲ. ಹದಿನಾರು ಬಾರ್ ಅಂತ ಕೇಳಿರುತ್ತಾರೆ, ಒಂದು ಬಾರ್ ಅಂದರೆ ಸಾಮಾನ್ಯವಾಗಿ ನಾಲ್ಕು ಎಣಿಕೆ. ಎಲ್ಲ ಸೇರಿ ಸುಮಾರು ಅರ್ಧ ನಿಮಿಷ, ನಿಧಾನದ ಹಾಡಾದರೆ ಸ್ವಲ್ಪ ಜಾಸ್ತಿ. ಆಲಾಪಕ್ಕೆಲ್ಲ ಜಾಗ ಇಲ್ಲ. ಆದರೆ ಒಂದು ಹೊಸದಿದೆ. ಯಕ್ಷಗಾನದಲ್ಲಿ ಭಾಗವತರು ಹಾಡುತ್ತಿದ್ದರು, ನೀನು ಕುಣಿಯುತ್ತಿದ್ದೆ. ಇಲ್ಲಿ ಎರಡೂ ನಿನ್ನ ತಲೆ ಮೇಲೆ. ಗುಬ್ಬಿ ಕಂಪನಿಯಂಥ ಕಂಪನಿ ನಾಟಕಗಳಲ್ಲಿ ನಟರೇ ಹಾಡುತ್ತಿದ್ದರು, ಜನ 'ಒನ್ಸ್ ಮೋರ್' ಅಂದರೆ ಮತ್ತೆ ಹಾಡುತ್ತಿದ್ದರು. ಹಾಗಾಗಿ ನಮ್ಮವರಿಗೆ ಇದು ತೀರಾ ಹೊಸದೂ ಅಲ್ಲ. ತೋಟದ ದಾರಿಯಲ್ಲಿ ಚುರುಕಾಗಿ ನಡೆಯುತ್ತ ಹಾಡು. ಆಮೇಲೆ ನಿಧಾನ ಓಡುತ್ತ ಹಾಡು. ಸಾಲಿನ ಕೊನೆಯ ಅಕ್ಷರ ಎಲ್ಲಿ ನುಂಗಿಹೋಗುತ್ತೋ ಅಲ್ಲಿ ಉಸಿರು ತಗೊಳ್ಳುವ ಜಾಗ ಬದಲಾಯಿಸು.

ಮತ್ತೆ, ಮುಖ್ಯ ಪಾತ್ರದ ಆಸೆ ಈಗ ಬೇಡ. ಅಲ್ಲಿ ಹೆಚ್ಚು ಕೆಲಸ ಇರುವುದು ಎನ್‌ಸಾಂಬಲ್‌ನಲ್ಲಿ, ಅಂದರೆ ಮೇಳದಲ್ಲಿ. ಸ್ವಿಂಗ್ ಅಂತಲೂ ಇರುತ್ತಾರೆ. ಇದು ತಾಳದ ಸ್ವಿಂಗ್ ಅಲ್ಲ. ಎನ್‌ಸಾಂಬಲ್‌ನ ಹಲವರ ಜಾಗ, ಹೆಜ್ಜೆ ಎಲ್ಲ ಕಲಿತಿದ್ದು, ಯಾರಿಗೆ ಜ್ವರ ಬಂದರೂ ಅವರ ಜಾಗಕ್ಕೆ ಇಳಿಯುವವರು. ನನ್ನ ಕೇಳಿದರೆ ಇಡೀ ತಂಡದಲ್ಲಿ ಗಟ್ಟಿಗರು ಅವರೇ. ಹೆಗ್ಗೋಡು ನಿಮಗೆ ಎಷ್ಟು ದೂರ? ಅಲ್ಲಿನ ನೀನಾಸಂ ನಾಟಕ ಸಂಸ್ಥೆಯ ತಿರುಗಾಟ ತಂಡ 1985ರಿಂದ ಊರೂರು ಸುತ್ತುತ್ತಿದೆ. ಈ ಸಲ ನೋಡುವಾಗ ನಾಯಕನನ್ನು ಬಿಟ್ಟು ಹಿಂದೆ ನಿಂತ ಒಬ್ಬರನ್ನೇ ಕೊನೆತನಕ ನೋಡು. ಮಾತಿಲ್ಲದಾಗ ಹೇಗೆ ನಿಲ್ಲುತ್ತಾರೆ, ಪಕ್ಕದವರಿಂದ ಎಷ್ಟು ದೂರ ಇಟ್ಟುಕೊಳ್ಳುತ್ತಾರೆ, ಎಲ್ಲಿ ಉಸಿರು ಬಿಡುತ್ತಾರೆ. ಶಿವಮೊಗ್ಗ ರಂಗಾಯಣದ ನಾಟಕ ಇದ್ದಾಗಲೂ ಹಾಗೇ ಮಾಡು.

ಬಟ್ಟೆ ಮೈಗೆ ಹೊಂದುವಂತಿರಲಿ, ಕಾಲಿನ ಗೆರೆ ಕಾಣಬೇಕು. ದುಪಟ್ಟಾ, ಗೆಜ್ಜೆ, ಬಳೆ ಏನೂ ಬೇಡ. ಕೂದಲು ಬಿಗಿಯಾಗಿ ಕಟ್ಟು. ತಾಳಗುಪ್ಪದ ರಾತ್ರಿ ರೈಲಿನಲ್ಲಿ ಹೋಗಿ ಬೆಳಿಗ್ಗೆ ಇಳಿದು ನೇರ ಹಾಲ್‌ಗೆ ಓಡುವ ಯೋಚನೆ ಇದ್ದರೆ ಬಿಟ್ಟುಬಿಡು. ಬರ್ತ್‌ನಲ್ಲಿ ಮುದುಡಿ ಮಲಗಿದ ಸೊಂಟ ಅಷ್ಟು ಬೇಗ ಬಿಚ್ಚಿಕೊಳ್ಳುವುದಿಲ್ಲ. ಹಿಂದಿನ ದಿನವೇ ಹೋಗಿ ಅಕ್ಕನ ಮನೆಯಲ್ಲಿ ಇರು.

ಬಾವಿಕಟ್ಟೆ ಹತ್ತಿರ ಪಾಚಿ ಮೇಲೆ ಜಾರಿ ಕಾಲು ಉಳುಕಿಸಿಕೊಂಡಿದ್ದೀಯಂತೆ, ನಿಮ್ಮಮ್ಮ ಹೇಳಿದಳು. ನನಗೆ ಹೇಳಲೇ ಇಲ್ಲ ನೀನು. ಎಣ್ಣೆ ತಿಕ್ಕಿ ಪಟ್ಟಿ ಸುತ್ತಿಕೊಂಡು ಹೋಗುವ ಶೌರ್ಯ ಬೇಡ. ಡಾಕ್ಟರಿಗೆ ತೋರಿಸು. ನೋವು ಇನ್ನೂ ಇದ್ದರೆ ಆ ದಿನ ಮೊದಲೇ ಅವರಿಗೆ ಹೇಳು, ಹಾರುವುದನ್ನು ಬಿಟ್ಟು ಉಳಿದದ್ದನ್ನು ಮಾಡು. ಒಳ್ಳೆಯ ನಿರ್ದೇಶಕರು ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಒಂದು ಗಟ್ಟಿ ಮಾತು. ರಿಜಿಸ್ಟ್ರೇಷನ್ ಫೀ, ಫೋಟೊ ಶೂಟ್, ಟ್ರೈನಿಂಗ್ ಅಂತ ಹೇಳಿ ಪಾತ್ರ ಕೊಡಲಿಕ್ಕೆ ದುಡ್ಡು ಕೇಳಿದರೆ ಅಲ್ಲಿಂದಲೇ ವಾಪಸ್ ಬಾ. ನನಗೆ ಗೊತ್ತಿರುವ ಒಂದು ಹುಡುಗಿಯ ಅಪ್ಪ ಅಡಿಕೆ ಮಾರಿದ ದುಡ್ಡನ್ನು ಹಾಗೆ ಕಳೆದುಕೊಂಡರು. ಆಯ್ಕೆಯಾದವರಿಗೆ ದುಡ್ಡು ಅವರು ಕೊಡಬೇಕು, ರಿಹರ್ಸಲ್ ದಿನಗಳಿಗೂ ಎಷ್ಟು ಅಂತ ಬರೆದು ಕೊಡಬೇಕು. ರಾತ್ರಿ ಹೋಟೆಲ್ ರೂಮಿಗೆ ಬಾ ಅನ್ನುವವನು ಎಷ್ಟು ದೊಡ್ಡ ಹೆಸರಿನವನಾದರೂ ಹೋಗಬೇಡ, ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ಆಯ್ಕೆ ಆಗದಿದ್ದರೆ ಕಾರಣ ಕೇಳಿಕೊಂಡು ಓಡಾಡಬೇಡ. ಜೋಡಿಗೆ ಎತ್ತರ ಹೊಂದಲಿಲ್ಲ, ಆ ದನಿಯವರು ಆಗಲೇ ಇಬ್ಬರಿದ್ದರು, ಹೀಗೆ ನಿನ್ನ ಕೈಯಲ್ಲಿಲ್ಲದ ಕಾರಣಗಳೇ ಎಷ್ಟೋ. ಮನೆಗೆ ಬಂದ ದಿನವೇ ಆ ಕಾಂಬಿನೇಷನ್ ನೆನಪಿರುವಷ್ಟು ಒಂದು ಸಲ ಕುಣಿದುಬಿಡು, ಆಮೇಲೆ ಬೇಕಾದರೆ ಅಳು. ಕಲಿತದ್ದು ಎಂತಕ್ಕೆ ಬಿಟ್ಟುಕೊಡುವುದು?

ಇದೆಲ್ಲದಕ್ಕೂ ಮುಂಚೆ ಮೊದಲ ಸುತ್ತಿಗೆ ವಿಡಿಯೊ ಕಳಿಸಬೇಕಲ್ವಾ? ಫೋನ್ ಅಡ್ಡ ಇಡು. ತಲೆಯಿಂದ ಪಾದದವರೆಗೆ ಪೂರ್ತಿ ಕಾಣಬೇಕು, ಹಾರಿದಾಗಲೂ. ಕಿಟಕಿ ನಿನ್ನ ಮುಂದಿರಲಿ, ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತೆ. ಈ ಮಳೆಯಲ್ಲಿ ನಿಮ್ಮ ಶೀಟಿನ ಮಾಡಿನ ಕೆಳಗೆ ಹಾಡಿದರೆ ಶೀಟಿನದ್ದೇ ಕಛೇರಿ ಆಗುತ್ತೆ. ಮಳೆ ಬಿಟ್ಟ ಹೊತ್ತು ನೋಡಿ ಹಗಲಲ್ಲೇ ಮುಗಿಸು, ಕರೆಂಟ್ ನಂಬಬೇಡ. ಕಳಿಸುವ ಮೊದಲು ನನಗೊಂದು ಹಾಕು, ನೋಡಿ ಹೇಳುತ್ತೇನೆ. ಅಪ್ಪನ ಹತ್ತಿರ ನಾನು ಮಾತಾಡಿದ್ದೇನೆ. 'ಡಿಗ್ರಿ ಪರೀಕ್ಷೆಗೆ ಅಡ್ಡ ಬರದಿದ್ದರೆ ಹೋಗಲಿ' ಅಂದ. ಪರೀಕ್ಷೆಯ ತಾರೀಖು ನನಗೆ ಬರೆದು ಕಳಿಸು.

ನಿನ್ನ
ದೊಡ್ಡಮ್ಮ