ಬಿದ್ದು ನಮ್ಮೂರಿನವರು ಮಾರಾಯ!

ಮಾಟುಂಗಾ, ಮುಂಬೈ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಸಂಗೀತ ನಿರ್ದೇಶಕ ಬಿದ್ದು ಬೆಂಗಳೂರಿನವರು ಅಂದಾಗ ನೀನು ನಂಬಲೇ ಇಲ್ಲ. ನಿಜ ಮಾರಾಯ. ಪೂರ್ತಿ ಹೆಸರು ಬಿದ್ದು ಅಪ್ಪಯ್ಯ, ಕೊಡವರು. ಬೆಂಗಳೂರಿನಲ್ಲಿ ಬ್ಯಾಂಡ್ ಕಟ್ಟಿಕೊಂಡು ಹಾಡುತ್ತಿದ್ದವರು ಆಮೇಲೆ ಲಂಡನ್ನಿಗೆ ಹೋದರು. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ 'ಕುಂಗ್ ಫು ಫೈಟಿಂಗ್' ಇವರು ಮಾಡಿಸಿದ ರೆಕಾರ್ಡು. ಮೊದಲು ಅದನ್ನು ಬಿ ಸೈಡಿಗೆ, ಅಂದರೆ ರೆಕಾರ್ಡಿನ ಹಿಂಬದಿಗೆ, ಅಂತ ಇಟ್ಟಿದ್ದರಂತೆ. ಕೊನೆಗೆ ಇಂಗ್ಲೆಂಡ್, ಅಮೆರಿಕ ಎರಡೂ ಕಡೆ ನಂಬರ್ ಒನ್!

ನಮಗೆ ಆಗ ಇದೆಲ್ಲ ಎಲ್ಲಿ ಗೊತ್ತಿತ್ತು? ನಮಗೆ ಗೊತ್ತಿದ್ದದ್ದು 1980ರ 'ಕುರ್ಬಾನಿ' ಕ್ಯಾಸೆಟ್ಟು. ನಿಮ್ಮ ಮಾವನ ಹೋಟೆಲಿನ ಗಲ್ಲಾದ ಹತ್ತಿರ ಟೇಪ್ ರೆಕಾರ್ಡರ್ ಇತ್ತಲ್ಲ. ಬೆಳಿಗ್ಗೆಯಿಡೀ ರಾಜಕುಮಾರ್ ಹಾಡು. ರಾತ್ರಿ ಮಾವ ಮನೆಗೆ ಹೋದ ಮೇಲೆ, ಹುಡುಗರು ಟೇಬಲ್ ಒರೆಸುವಾಗ, 'ಆಪ್ ಜೈಸಾ ಕೋಯಿ'. ಆ ಚಿತ್ರದ ಉಳಿದ ಹಾಡುಗಳು ಕಲ್ಯಾಣ್‌ಜಿ ಆನಂದ್‌ಜಿ ಅವರವು, ಇದೊಂದು ಮಾತ್ರ ಬಿದ್ದು ಅವರದು.

ಲತಾ, ಆಶಾ ಕೇಳಿ ಬೆಳೆದ ಕಿವಿಗೆ ಅದನ್ನು ಹಾಡಿದ ನಾಜಿಯಾ ಹಸನ್ ದನಿ ಎಷ್ಟು ವಿಚಿತ್ರ ಅನಿಸಿತ್ತು! ದೊಡ್ಡ ಏರಿಳಿತ ಇಲ್ಲ, ಸ್ವಲ್ಪ ಮೂಗಿನಲ್ಲೇ ಹಾಡು. ಶಾಲೆ ಹುಡುಗಿ ಕನ್ನಡಿ ಮುಂದೆ ನಿಂತು ತನ್ನಷ್ಟಕ್ಕೆ ಹಾಡಿಕೊಂಡ ಹಾಗೆ. ಅವಳು ಶಾಲೆ ಹುಡುಗಿಯೇ ಆಗಿದ್ದಳು ಅನ್ನು. ಮರುವರ್ಷ ಬಿದ್ದು ಅವರ ಸಂಗೀತದಲ್ಲೇ ಅವಳ 'ಡಿಸ್ಕೋ ದೀವಾನೆ' ಆಲ್ಬಮ್ ಬಂತು. ಸಿನಿಮಾ ಇಲ್ಲ, ಹೀರೋಯಿನ್ ಇಲ್ಲ, ಬರೀ ಹಾಡು. ಆದರೂ ಜನ ಮುಗಿಬಿದ್ದು ಕೊಂಡರು. ಕನ್ನಡದವರಿಗೆ ಅದೇನು ಹೊಸದಲ್ಲ ಬಿಡು. 1978ರಲ್ಲೇ ನಮಗೆ ಮೈಸೂರು ಅನಂತಸ್ವಾಮಿಯವರ ಭಾವಗೀತೆ ಕ್ಯಾಸೆಟ್ಟು 'ನಿತ್ಯೋತ್ಸವ' ಸಿಕ್ಕಿತ್ತು. ಕುಣಿಯೋಕೆ ಆಗ್ತಿರಲಿಲ್ಲ, ಅಷ್ಟೆ.

1995ರ 'ಮೇಡ್ ಇನ್ ಇಂಡಿಯಾ' ಕೂಡ ಬಿದ್ದು ಅವರದೇ. ಅಲಿಶಾ ಚಿನಾಯ್ ಚೆನ್ನಾಗಿಯೇ ಹಾಡಿದ್ದಾರೆ. ಆದರೆ ಅಷ್ಟು ಹೊತ್ತಿಗೆ ಕೇಬಲ್ ಟಿವಿ ಬಂದಿತ್ತು, ಹಾಡು ಕೇಳುವುದಕ್ಕಿಂತ ನೋಡುವುದೇ ಜಾಸ್ತಿ ಆಯಿತು. ನಿನಗೂ ಅದರ ವಿಡಿಯೋದಲ್ಲಿ ಮಾಡೆಲ್ ಮಿಲಿಂದ್ ಸೋಮನ್ ಬಿಟ್ಟು ಬೇರೇನು ನೆನಪಿದೆ ಹೇಳು? ಆ ಕಾಲದ ಹಾಡುಗಾರರಲ್ಲಿ ಲಕ್ಕಿ ಅಲಿ ಒಬ್ಬರನ್ನು ನಾನು ಬಿಟ್ಟುಕೊಡುವುದಿಲ್ಲ. 1996ರ 'ಓ ಸನಮ್' ಕಣ್ಣು ಮುಚ್ಚಿ ಕೇಳಿದರೂ ಅಷ್ಟೇ ಚಂದ.

ನಾಜಿಯಾ 2000ದಲ್ಲಿ ತೀರಿಕೊಂಡಳು, ಬರೀ 35 ವರ್ಷಕ್ಕೆ. 2012ರಲ್ಲಿ ಒಂದು ಹಿಂದಿ ಸಿನಿಮಾದವರು 'ಡಿಸ್ಕೋ ದೀವಾನೆ'ಯನ್ನು ಮತ್ತೆ ಹಾಕಿದಾಗ ಅವಳ ದನಿಯನ್ನೂ ಉಳಿಸಿಕೊಂಡರು. ನನ್ನ ಮಗಳು ಅದಕ್ಕೆ ಕಾಲೇಜಿನಲ್ಲಿ ಕುಣಿದು ಬಂದಳು. ಹಳೆಯದನ್ನು ಹಾಕಿ ಕೇಳಿಸಿದೆ. "ಸ್ವಲ್ಪ ಸ್ಲೋ ಅಲ್ವಾ ಅಪ್ಪಾ?" ಅಂದಳು.

ನೀನು ಅಲಿಶಾ ಪಕ್ಷ ಅಂತ ಗೊತ್ತು. ವಾದ ಇದ್ದರೆ ಬರೆದು ಕಳಿಸು, ಫೋನಿನಲ್ಲಿ ಬೇಡ. ಅಲ್ಲಿ ನೀನು ನನಗೆ ಮಾತಾಡೋಕೇ ಬಿಡುವುದಿಲ್ಲ.

ನಿನ್ನ ಮುಂಬೈ ಗೆಳೆಯ