ಮಗಳಿಗೊಂದು ಪತ್ರ: ನಿಮ್ಮತ್ತೆಯ ಗುಳಿಗೆ ಡಬ್ಬಿ

ರಾಯಚೂರು

ಮಗಳೇ,

ನಿನ್ನೆ ನೀನು ಫೋನ್ ಮಾಡಿದಾಗ ಔಷಧಿ ಅಂಗಡಿ ತುಂಬ ಗಿರಾಕಿ. ಸರಿಯಾಗಿ ಮಾತಾಡಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು, ಅಳಿಯಂದಿರಿಗೂ ಓದಿಸು.

ನಿಮ್ಮತ್ತೆ ಕೊಲೆಸ್ಟ್ರಾಲ್ ಗುಳಿಗೆ ಬಿಟ್ಟು ವಾರ ಆಯಿತು ಅಂದೆಯಲ್ಲ, ಮೊದಲು ಅದು. ಅವರಿಗೆ ಹೋದ ವರ್ಷ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ಅಟೋರ್ವಾಸ್ಟಾಟಿನ್, ಅಂದರೆ ಸ್ಟಾಟಿನ್ ಗುಂಪಿನ ಈ ಕೊಲೆಸ್ಟ್ರಾಲ್ ಗುಳಿಗೆ, ಮನಸ್ಸು ಬಂದಾಗ ಕುಡಿಯುವ ಟಾನಿಕ್ ಅಲ್ಲ. ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ನಾರ್ಮಲ್ ಬಂತು, ಇನ್ನೇಕೆ ಗುಳಿಗೆ ಅಂತ ಕೇಳುವವರು ನಮ್ಮ ಕೌಂಟರಿಗೂ ದಿನಾ ಬರುತ್ತಾರೆ. ಅದು ನಾರ್ಮಲ್ ಬಂದಿದ್ದೇ ಗುಳಿಗೆಯಿಂದ ಅಲ್ವಾ? ನಾಳೆ ಬೆಳಿಗ್ಗೆಯೇ ಡಾಕ್ಟರಿಗೆ ಫೋನ್ ಮಾಡಿ, ಬಿಟ್ಟಿರುವ ವಿಷಯ ಹೇಳಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ಇನ್ನು ಆ ವಿಡಿಯೋ. ಬಿಪಿಯ ನೀರಿನ ಗುಳಿಗೆ ಜೊತೆ ಕೊಲೆಸ್ಟ್ರಾಲ್ ಗುಳಿಗೆ ತಗೊಂಡರೆ ಸ್ನಾಯು ಕರಗುತ್ತೆ, ಕಿಡ್ನಿ ಹೋಗುತ್ತೆ ಅಂತ ಅದರಲ್ಲಿ ಹೇಳಿದ್ದಾರಂತೆ. ಅರ್ಧ ಮಾತು ಕೇಳಿ ಪೂರ್ತಿ ಹೆದರಿಸುವ ಕೆಲಸ ಇದು. ಕೊಲೆಸ್ಟ್ರಾಲ್ ಗುಳಿಗೆ ಕೆಲಸ ಮಾಡುವುದು ಪಿತ್ತಜನಕಾಂಗದಲ್ಲಿ, ಅಂದರೆ ಲಿವರಿನಲ್ಲಿ. ಅಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದನ್ನು ತಡೆಯುತ್ತದೆ. ನೀರಿನ ಗುಳಿಗೆ ಕೆಲಸ ಮಾಡುವುದು ಕಿಡ್ನಿಯಲ್ಲಿ. ಉಪ್ಪನ್ನೂ ನೀರನ್ನೂ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಇವೆರಡಕ್ಕೂ ನೇರ ಜಗಳ ಇಲ್ಲ. ಲಕ್ಷಗಟ್ಟಲೆ ಜನ ಎರಡನ್ನೂ ಒಟ್ಟಿಗೆ ತಗೊಳ್ಳುತ್ತಾರೆ, ಡಾಕ್ಟರುಗಳು ಗೊತ್ತಿದ್ದೇ ಬರೆಯುತ್ತಾರೆ. ತೊಂದರೆ ಶುರುವಾಗುವುದು ಮೂರನೆಯದು ನಡುವೆ ಬಂದಾಗ.

ಅದಕ್ಕಿಂತ ಮುಂಚೆ ಒಂದು ಕೆಲಸ ಮಾಡು. ಅತ್ತೆಯ ಬಿಪಿ ಗುಳಿಗೆಯ ಪಟ್ಟಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದು. ಹೆಸರಿನ ಕೊನೆಗೆ 'ಎಚ್' ಅಂತ ಇರಬೇಕು. ಕೆಳಗೆ ಟೆಲ್ಮಿಸಾರ್ಟನ್ 40, ಹೈಡ್ರೋಕ್ಲೋರೋಥಯಾಜೈಡ್ 12.5 ಅಂತ ಬರೆದಿರುತ್ತದೆ. ಆ ಎರಡನೆಯದೇ ನೀರಿನ ಗುಳಿಗೆ. ನಮ್ಮ ಗಿರಾಕಿಗಳಲ್ಲಿ ಎಷ್ಟೋ ಜನಕ್ಕೆ ತಾವು ನೀರಿನ ಗುಳಿಗೆ ನುಂಗುತ್ತಿದ್ದೇವೆ ಅಂತಲೇ ಗೊತ್ತಿರುವುದಿಲ್ಲ, ಒಂದೇ ಗುಳಿಗೆ ಅಲ್ವಾ, ಬಿಪಿದು ಅನ್ನುತ್ತಾರೆ.

ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ, ನರ ಎಳೆದ ಹಾಗೆ ಆಗುತ್ತದೆ ಅಂದೆ. ಎಲ್ಲರೂ ಬೆರಳು ತೋರಿಸುವುದು ಕೊಲೆಸ್ಟ್ರಾಲ್ ಗುಳಿಗೆ ಕಡೆಗೆ. ಆದರೆ ನೀರಿನ ಗುಳಿಗೆ ಮೂತ್ರದ ಜೊತೆ ಪೊಟ್ಯಾಸಿಯಂ, ಸೋಡಿಯಂ ಕೂಡ ಹೊರಗೆ ಹಾಕುತ್ತದೆ. ಅವು ಕಡಿಮೆಯಾದರೂ ಕಾಲು ಹಿಡಿಯುತ್ತದೆ, ಸುಸ್ತಾಗುತ್ತದೆ. ವಯಸ್ಸಾದವರಲ್ಲಿ ಸೋಡಿಯಂ ತುಂಬಾ ಇಳಿದರೆ ಮಾತು ತೊದಲಿ ಗೊಂದಲವೂ ಆಗಬಹುದು. ಸ್ಟಾಟಿನ್‌ನಿಂದ ಬರುವ ನೋವು ಹೆಚ್ಚಾಗಿ ತೊಡೆ, ಭುಜದಂಥ ದೊಡ್ಡ ಸ್ನಾಯುಗಳಲ್ಲಿ, ಎರಡೂ ಕಡೆ ಬರುತ್ತದೆ. ಕೂತಲ್ಲಿಂದ ಏಳಲು, ಮೆಟ್ಟಿಲು ಹತ್ತಲು ಕಷ್ಟ ಆಗುತ್ತದೆ. ಹಾಗಂತ ಇಷ್ಟರಿಂದಲೇ ತೀರ್ಮಾನ ಮಾಡಲು ಬರುವುದಿಲ್ಲ, ರಕ್ತ ಪರೀಕ್ಷೆಯೇ ಆಗಬೇಕು. ಸೋಡಿಯಂ, ಪೊಟ್ಯಾಸಿಯಂ, ಕಿಡ್ನಿ ಹೇಗಿದೆ ಅಂತ ನೋಡಲು ಕ್ರಿಯಾಟಿನಿನ್, ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ನೋಡಲು ಸಿಪಿಕೆ. ಜೊತೆಗೆ ಸಕ್ಕರೆಯನ್ನೂ ನೋಡಿಸಿ, ಎರಡೂ ಗುಳಿಗೆ ಸಕ್ಕರೆಯನ್ನು ಸ್ವಲ್ಪ ಏರಿಸಬಹುದು. ಇದೆಲ್ಲ ನಿಮ್ಮ ಸಿಂಧನೂರಿನಲ್ಲೇ ಆಗುತ್ತದೆ, ಇಲ್ಲಿಗೆ ಬರಬೇಕಾಗಿಲ್ಲ.

ಒಂದು ಪ್ರಯೋಗದ ಬಗ್ಗೆ ಹೇಳುತ್ತೇನೆ, ಅತ್ತೆಗೂ ಹೇಳು. ಲಂಡನ್ನಿನಲ್ಲಿ ಮೈಕೈ ನೋವಿನಂಥ ತೊಂದರೆ ಆಯಿತು ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನರನ್ನು ತಗೊಂಡು ಒಂದು ವರ್ಷ ನೋಡಿದರು. ನಾಲ್ಕು ತಿಂಗಳು ನಿಜವಾದ ಗುಳಿಗೆ, ನಾಲ್ಕು ತಿಂಗಳು ಔಷಧಿಯೇ ಇಲ್ಲದ ಸುಳ್ಳು ಗುಳಿಗೆ, ನಾಲ್ಕು ತಿಂಗಳು ಏನೂ ಇಲ್ಲ, ಯಾವ ತಿಂಗಳು ಯಾವುದು ಅನ್ನುವ ಸರದಿಯನ್ನು ಹಿಂದುಮುಂದು ಮಾಡಿ ಕೊಟ್ಟರು. ನಿಜ ಯಾವುದು, ಸುಳ್ಳು ಯಾವುದು ಅಂತ ತಿಂದವರಿಗೆ ಗೊತ್ತಿಲ್ಲ. ದಿನಾ ತಮ್ಮ ತೊಂದರೆಗೆ ನೂರಕ್ಕೆ ಇಷ್ಟು ಅಂತ ಅಂಕ ಹಾಕಬೇಕಿತ್ತು. ಏನೂ ತಿನ್ನದ ತಿಂಗಳಲ್ಲಿ ಸರಾಸರಿ 8, ನಿಜವಾದ ಗುಳಿಗೆಯಲ್ಲಿ 16.3, ಸುಳ್ಳು ಗುಳಿಗೆಯಲ್ಲಿ 15.4! 2020ರಲ್ಲಿ ಇದು ಪ್ರಕಟವಾಯಿತು. ನೋವು ಸುಳ್ಳು ಅಂತ ಅಲ್ಲ, ನೋವು ನಿಜವೇ. ಆದರೆ ಅದರಲ್ಲಿ ಬಹುಪಾಲು ಹುಟ್ಟಿಸಿದ್ದು ಗುಳಿಗೆ ನುಂಗಿದೆ ಅನ್ನುವ ಭಯ. ಫಲಿತಾಂಶ ತೋರಿಸಿದ ಮೇಲೆ ಅವರಲ್ಲಿ ಅರ್ಧ ಜನ ಮತ್ತೆ ಗುಳಿಗೆ ಶುರು ಮಾಡಿದರು. ಅತ್ತೆಯ ಮುಂದೆ ಹೇಳುವಾಗ ಮಾತ್ರ ಹುಷಾರು, 'ನಿಮ್ಮದೆಲ್ಲ ಮನಸ್ಸಿನ ನೋವು' ಅಂತ ಸೊಸೆ ಬಾಯಲ್ಲಿ ಬಂದರೆ ಮನೆಯಲ್ಲಿ ಬೇರೆಯದೇ ಬಿಪಿ ಏರುತ್ತದೆ.

ಇನ್ನು ಮೂರನೆಯದು. ಇದನ್ನು ಗಮನ ಇಟ್ಟು ಓದು.

ಮೈಕೈ ನೋವಿನ ಗುಳಿಗೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ಇವನ್ನು ಜನ ಚೀಟಿ ಇಲ್ಲದೆ ಕೇಳುತ್ತಾರೆ, ಕೊಡುವವರೂ ಇದ್ದಾರೆ. ಟೆಲ್ಮಿಸಾರ್ಟನ್ನು, ನೀರಿನ ಗುಳಿಗೆ, ಮೇಲೆ ಇದು, ಮೂರೂ ಸೇರಿದರೆ ಕಿಡ್ನಿಗೆ ದೊಡ್ಡ ಪೆಟ್ಟು ಬೀಳಬಹುದು. ಸ್ಟೆಂಟಿಗೆ ಅಂತ ರಕ್ತ ತೆಳು ಮಾಡುವ ಗುಳಿಗೆ ಬೇರೆ ನಡೆಯುತ್ತಿದೆ, ಹೊಟ್ಟೆಯಲ್ಲಿ ರಕ್ತಸ್ರಾವದ ಭಯವೂ ಇದೆ. ಕಾಲು ನೋವು ಅಂತ ಪಕ್ಕದ ಮನೆಯವರು ಕೊಟ್ಟ ಗುಳಿಗೆ ನುಂಗಿದ್ದಾರಾ ಅಂತ ಕೇಳು. ನಾನು ಕೇಳಿದರೆ ಬೀಗರು ಅಂತ ಸಂಕೋಚಪಟ್ಟು ಇಲ್ಲ ಅಂದುಬಿಡುತ್ತಾರೆ. ತೀರಾ ಬೇಕಾದರೆ ಡಾಕ್ಟರನ್ನು ಕೇಳಿ ಪ್ಯಾರಾಸಿಟಮಾಲ್.

ಆಮೇಲೆ ಹುಳುಕಡ್ಡಿ. ಬೇಸಿಗೆ ಬೆವರಿಗೆ ನಮ್ಮ ಕಡೆ ಯಾರಿಗೆ ಇಲ್ಲ ಹೇಳು? ಅದಕ್ಕೆ ಇಟ್ರಕೊನಜೋಲ್ ಕ್ಯಾಪ್ಸೂಲ್ ಬರೆಯುತ್ತಾರೆ. ಅದು ಅಟೋರ್ವಾಸ್ಟಾಟಿನ್ ದೇಹದಲ್ಲಿ ಕರಗಿ ಹೋಗುವುದನ್ನು ತಡೆಯುತ್ತದೆ. ರಕ್ತದಲ್ಲಿ ಗುಳಿಗೆ ಅಂಶ ಏರಿ ಆಗ ನಿಜವಾಗಿಯೂ ಸ್ನಾಯುವಿಗೆ ತೊಂದರೆ ಆಗಬಹುದು. ಎದೆ ಕಫಕ್ಕೆ ಕೊಡುವ ಕ್ಲಾರಿಥ್ರೊಮೈಸಿನ್ ಕೂಡ ಹೀಗೇ. ಚರ್ಮದ ಡಾಕ್ಟರಿಗೆ ಹೃದಯದ ಗುಳಿಗೆ ಗೊತ್ತಿರುವುದಿಲ್ಲ, ನೀವು ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಎಲ್ಲಿ ಹೋದರೂ ಎಲ್ಲ ಗುಳಿಗೆ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.

ಕೊನೆಗೆ ಈ ಬಿಸಿಲು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಮೈ ಬೆವರಿ ನೀರು ಹೋಗುತ್ತಿರುತ್ತದೆ, ಒಳಗಿಂದ ಗುಳಿಗೆಯೂ ನೀರು ತೆಗೆಯುತ್ತಿರುತ್ತದೆ. ಅದರ ಮೇಲೆ ವಾಂತಿ ಭೇದಿ ಆದರೆ, ಬಿಪಿ ಕುಸಿದು ಕಿಡ್ನಿಗೆ ರಕ್ತ ಕಡಿಮೆಯಾಗುತ್ತದೆ. ಅಂಥ ದಿನ ಸುಮ್ನೆ ಕೂರಬೇಡಿ. ಬಿಪಿ ಗುಳಿಗೆ ಒಂದೆರಡು ದಿನ ನಿಲ್ಲಿಸಬೇಕಾ ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ದಿನಕ್ಕೆ ಎಷ್ಟು ನೀರು ಕುಡಿಯಬೇಕು ಅನ್ನುವುದನ್ನೂ ಅವರಿಂದಲೇ ಕೇಳಿ, ಕೆಲವು ಹೃದಯದ ಕಾಯಿಲೆಯವರಿಗೆ ನೀರಿಗೂ ಲೆಕ್ಕ ಇರುತ್ತದೆ.

ಪೊಟ್ಯಾಸಿಯಂ ಅಂದೆ ಅಂತ ನಾಳೆಯಿಂದ ದಿನಾ ಎರಡೆರಡು ಎಳನೀರು ಶುರು ಮಾಡಬೇಡ. ಟೆಲ್ಮಿಸಾರ್ಟನ್ ಪೊಟ್ಯಾಸಿಯಂ ಹಿಡಿದಿಡುವ ಗುಳಿಗೆ. ಕಡಿಮೆ ಸೋಡಿಯಂ ಉಪ್ಪು ಅಂತ ಮಾರುತ್ತಾರಲ್ಲ, ಅದರಲ್ಲಿ ಇರುವುದು ಪೊಟ್ಯಾಸಿಯಂ ಕ್ಲೋರೈಡ್. ಅದೂ ಬೇಡ, ಕೇಳದೆ. ರಿಪೋರ್ಟ್ ಏನು ಹೇಳುತ್ತೋ ನೋಡೋಣ.

ಬಿಪಿ ಗುಳಿಗೆ ಬೆಳಿಗ್ಗೆ ಕೊಡು. ರಾತ್ರಿ ಕೊಟ್ಟರೆ ಮೂತ್ರಕ್ಕೆ ಎದ್ದೆದ್ದು ಓಡಾಡಬೇಕು, ಕತ್ತಲಲ್ಲಿ ಬಿದ್ದರೆ ಕಷ್ಟ. ಅಟೋರ್ವಾಸ್ಟಾಟಿನ್ ಯಾವಾಗ ಆದರೂ ನಡೆಯುತ್ತದೆ, ದಿನಾ ಒಂದೇ ಹೊತ್ತಿಗೆ ಕೊಟ್ಟರೆ ಮರೆಯುವುದಿಲ್ಲ. ಒಗ್ಗರಣೆ ಮಿರ್ಚಿ ಬಗ್ಗೆ ನಾನೇನೂ ಹೇಳುವುದಿಲ್ಲ, ನಿಮ್ಮ ಮಾವ ಸಂಜೆ ಪೊಟ್ಟಣ ಕಟ್ಟಿಸಿಕೊಂಡು ಬರುವುದನ್ನು ನಿಲ್ಲಿಸಲು ಯಾವ ಡಾಕ್ಟರಿಗೂ ಆಗಿಲ್ಲ.

ಒಂದಕ್ಕೆ ಮಾತ್ರ ಫೋನ್, ರಿಪೋರ್ಟ್ ಅಂತ ಕಾಯಬೇಡ. ಗುಳಿಗೆ ಮತ್ತೆ ಶುರು ಮಾಡಿದ ಮೇಲೆ ಸ್ನಾಯು ನೋವು ಜೋರಾಗಿ, ಕೈಕಾಲು ಎತ್ತಲು ಆಗದೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಸ್ಟಾಟಿನ್ ನಿಲ್ಲಿಸಿ ಆ ಕ್ಷಣವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತೀರಾ ಅಪರೂಪ, ಆದರೆ ಆದಾಗ ಕಿಡ್ನಿಗೆ ಅಪಾಯ. ಮೂತ್ರದ ಬಣ್ಣ ಅತ್ತೆ ತಾವಾಗಿ ಹೇಳುವುದಿಲ್ಲ, ನೀನೇ ನಾಚಿಕೆ ಬಿಟ್ಟು ಕೇಳು.

ರಿಪೋರ್ಟ್ ಬಂದ ಕೂಡಲೇ ಫೋಟೋ ಕಳಿಸು, ಪಟ್ಟಿಗಳ ಹಿಂಬದಿಯದೂ ಕಳಿಸು. ಬದಲಾವಣೆ ಏನಿದ್ದರೂ ಮಾಡಬೇಕಾದವರು ಡಾಕ್ಟರು, ನಾನು ಅಂಗಡಿಯವನು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಾಗಿಲು ಹಾಕಿ ಮಲಗಿರುತ್ತೇನೆ, ಆಗ ನಿನ್ನ ಅವ್ವನ ಫೋನಿಗೆ ಮಾಡು.

ನಿನ್ನ ಅಪ್ಪ