ಝಳ ಬೇರೆ, ಸೆಕೆ ಬೇರೆ

ಮಾನ್ಯರೇ,

ಒಣ ಬಿಸಿಲಿಗೆ ಝಳವೆಂದೂ ತೇವ ತುಂಬಿದ ಬಿಸಿಗೆ ಸೆಕೆಯೆಂದೂ ನಮ್ಮ ಭಾಷೆಯಲ್ಲಿ ಬೇರೆ ಬೇರೆ ಮಾತುಗಳಿದ್ದರೂ, ಬೇಸಿಗೆ ಬಂದೊಡನೆ ಪತ್ರಿಕೆಗಳಲ್ಲಿ ಪ್ರಕಟವಾಗುವ ಆರೋಗ್ಯ ಸಲಹೆಗಳಿಗೆ ಈ ವ್ಯತ್ಯಾಸ ಗೊತ್ತಿದ್ದಂತೆ ಕಾಣುವುದಿಲ್ಲ. ನೀರು ಕುಡಿಯಿರಿ, ನೆರಳಿನಲ್ಲಿರಿ, ಫ್ಯಾನ್ ಹಾಕಿಕೊಳ್ಳಿ ಎಂಬಲ್ಲಿಗೆ ಸಲಹೆ ಮುಗಿಯುತ್ತದೆ. ಜೊತೆಗೆ ಗರಿಷ್ಠ ಉಷ್ಣಾಂಶದ ಅಂಕಿಯೊಂದು ಇರುತ್ತದೆ.

ಮೈ ತಣಿಯುವುದು ಬೆವರು ಸುರಿಯುವುದರಿಂದಲ್ಲ, ಅದು ಆರುವುದರಿಂದ. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆರಿದರೆ ಸುಮಾರು 2,400 ಕಿಲೋಜೂಲ್ ಶಾಖ ಹೊರಹೋಗುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ನೀರು, ಉಪ್ಪುಗಳೆರಡೂ ನಷ್ಟವಾಗುತ್ತವೆಯೇ ಹೊರತು ತಂಪು ದಕ್ಕುವುದಿಲ್ಲ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಗಾಳಿಯಾಡಿಸಿ ಅಳೆಯುವ ‘ಒದ್ದೆ ಬಲ್ಬ್’ ಉಷ್ಣಾಂಶ ತಿಳಿಸುವುದು, ನೀರು ಆರುವುದರಿಂದ ಎಷ್ಟರ ಮಟ್ಟಿಗೆ ತಣಿಯಬಹುದೆಂಬುದನ್ನೇ. ಶೇ 15ರಷ್ಟು ಆರ್ದ್ರತೆಯಿರುವ 42 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಅದು ಸುಮಾರು 22 ಡಿಗ್ರಿ. ಶೇ 75ರಷ್ಟು ಆರ್ದ್ರತೆಯಿರುವ 34 ಡಿಗ್ರಿಯ ಗಾಳಿಯಲ್ಲಿ ಸುಮಾರು 30 ಡಿಗ್ರಿ. ದಪ್ಪಕ್ಷರದ ಶೀರ್ಷಿಕೆ ದೊರೆಯುವುದು ಮೊದಲನೆಯದಕ್ಕೆ; ಮೈ ಹೆಚ್ಚು ಒದ್ದಾಡುವುದು ಎರಡನೆಯದರಲ್ಲಿ. ಈ ಉಷ್ಣಾಂಶ 35 ಡಿಗ್ರಿ ಮುಟ್ಟಿದರೆ ನೆರಳಿನಲ್ಲಿ ಸುಮ್ಮನೆ ಕುಳಿತ ಆರೋಗ್ಯವಂತನೂ ಹೆಚ್ಚು ಹೊತ್ತು ತಾಳಲಾರನೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಈಚಿನ ಪ್ರಯೋಗಗಳಲ್ಲಿ ತರುಣರ ಮಿತಿ ಸಹ ಅದಕ್ಕಿಂತ ಕೆಳಗಿರುವುದು ಕಂಡುಬಂದಿದೆ.

ಉಪಾಯಗಳೂ ಇದಕ್ಕೆ ತಕ್ಕಂತೆ ಬೇರೆಯಾಗಬೇಕು. ನೀರು ತುಂಬಿಸುವ ಕೂಲರ್ ಒಣಹವೆಯಲ್ಲಿ ಅಗ್ಗದ ವರ. ಸೆಕೆಯ ಊರಿನಲ್ಲಿ, ಅದರಲ್ಲೂ ಕಿಟಕಿ ಮುಚ್ಚಿದ ಕೋಣೆಯಲ್ಲಿ, ಅದು ಇದ್ದ ತೇವಕ್ಕೆ ಇನ್ನಷ್ಟು ತೇವ ಸೇರಿಸುತ್ತದೆ. ಫ್ಯಾನಿನ ಕಥೆ ತಿರುಗುಮುರುಗು. ಸೆಕೆಯಲ್ಲಿ ಅದು ಬೆವರನ್ನು ಆರಿಸುತ್ತದೆ. ಒಣಹವೆ 40 ಡಿಗ್ರಿ ದಾಟಿದಾಗ, ಸುಮಾರು 35 ಡಿಗ್ರಿಯಷ್ಟೇ ಇರುವ ಚರ್ಮಕ್ಕೆ ಬಿಸಿಗಾಳಿಯನ್ನು ಒತ್ತಿ ತರುತ್ತದೆ. ಬೆವರುವುದು ಕಡಿಮೆಯಾಗಿರುವ ವೃದ್ಧರಿಗೆ ಇದು ಅಪಾಯಕಾರಿ, ಅವರ ಮೈಯನ್ನು ನೀರಿನಿಂದ ಒದ್ದೆ ಮಾಡುತ್ತಿರಬೇಕು. ಒಣ ಪ್ರದೇಶದಲ್ಲಿ ಹಗಲು ಕಿಟಕಿ ಮುಚ್ಚಿ ರಾತ್ರಿ ತೆರೆದರೆ ಗೋಡೆಗಳು ತಣಿಯುತ್ತವೆ; ರಾತ್ರಿಯೂ ತಣಿಯದ ತೇವದ ನಾಡಿನಲ್ಲಿ ಗಾಳಿ ಎದುರುಬದುರು ಹಾಯಲು ಸದಾ ದಾರಿಯಿರಬೇಕು.

ಒಣಹವೆಯಲ್ಲಿ ಬೆವರು ಕಣ್ಣಿಗೆ ಬೀಳುವ ಮೊದಲೇ ಆರಿಹೋಗುವುದರಿಂದ, ತಾನು ಬೆವರುತ್ತಲೇ ಇಲ್ಲವೆಂದುಕೊಂಡು ನೀರು ಕುಡಿಯದೆ ನಿತ್ರಾಣಗೊಳ್ಳುವವರೂ ಇದ್ದಾರೆ. ಒಂದು ಹವೆಯಿಂದ ಇನ್ನೊಂದಕ್ಕೆ ಹೋದವರಿಗೆ ಮೈ ಒಗ್ಗಲು ಒಂದೆರಡು ವಾರ ಹಿಡಿಯುತ್ತದೆ. ಕೆಲಸಕ್ಕೆ ಕರೆಸಿಕೊಳ್ಳುವವರು ಮೊದಲ ದಿನವೇ ಪೂರ್ತಿ ದುಡಿಮೆ ಬಯಸುವುದು ಅನ್ಯಾಯ.

ಆದ್ದರಿಂದ ತಾವು ಗರಿಷ್ಠ ಉಷ್ಣಾಂಶದ ಪಕ್ಕದಲ್ಲಿಯೇ ರಾತ್ರಿಯ ಕನಿಷ್ಠ ಉಷ್ಣಾಂಶವನ್ನೂ ಒದ್ದೆ ಬಲ್ಬ್ ಉಷ್ಣಾಂಶವನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ. ಅದು ಆಗದಿದ್ದರೆ ಆರ್ದ್ರತೆಯನ್ನಾದರೂ ಕೊಡಿ, ಆದರೆ ಅದು ಮಧ್ಯಾಹ್ನದ್ದಾಗಿರಲಿ. ನಸುಕಿನ ತಂಪಿನಲ್ಲಿ ಆರ್ದ್ರತೆಯ ಶೇಕಡಾವಾರು ಎಲ್ಲೆಡೆಯೂ ಏರಿಯೇ ಇರುತ್ತದೆ.

ಇಂತಿ,
ತಮ್ಮ ಓದುಗ